ಟಪಾಲು ಮೇಜಿನಿಂದ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಕಾಣಿಸಿತು. ‘ಹೇಳಿದೆವು, ಆಗಲಿಲ್ಲ.’ ಓದುವಾಗ ಸಂಕಟವಾಯಿತು. ನಾನು ಪುರಸಭೆಯ ಕೆಲಸದಲ್ಲಿ ಇಪ್ಪತ್ತೊಂಬತ್ತು ವರ್ಷ ಇದ್ದವಳು. ಅದರಲ್ಲಿ ಹನ್ನೊಂದು ವರ್ಷ ಟಪಾಲು ಮೇಜಿನಲ್ಲೇ ಕುಳಿತಿದ್ದೆ. ಜನ ತಂದುಕೊಡುವ ಅರ್ಜಿಗೆ ಮುದ್ರೆ ಒತ್ತಿ, ನಂಬರ್ ಹಾಕಿ, ಒಳಗೆ ಕಳಿಸುವ ಕೆಲಸ. ಯಾವ ಅರ್ಜಿ ಮುಂದೆ ಹೋಗುತ್ತೆ, ಯಾವುದು ಕಪಾಟಿನಲ್ಲೇ ಉಳಿಯುತ್ತೆ ಅನ್ನೋದನ್ನು ಅಲ್ಲಿಂದಲೇ ನೋಡಿದ್ದೇನೆ. ಹಾಗಾಗಿ ಈ ಸಲ ಮೊದಲ ಪ್ರಶ್ನೆಗೆ ಉತ್ತರ ಉದ್ದವಾಗಿದೆ. ದಯವಿಟ್ಟು ಪೂರ್ತಿ ಓದಿ.

ಮೇಡಂ, ಮಳೆ ಬಂದರೆ ಸಾಕು, ನಮ್ಮ ಬೀದಿಯ ಚರಂಡಿ ಉಕ್ಕಿ ಮನೆ ಬಾಗಿಲಿಗೆ ಬರುತ್ತದೆ. ವಾರ್ಡ್ ಸದಸ್ಯರಿಗೆ ಎಷ್ಟೋ ಸಲ ಹೇಳಿದೆವು. ‘ಮಾಡಿಸೋಣ ಬಿಡಿ’ ಅಂತಾರೆ. ನಗರಸಭೆಗೆ ಮೂರು ಅರ್ಜಿ ಕೊಟ್ಟೆವು. ಚರಂಡಿ, ಬೀದಿದೀಪ, ನಾಯಿ ಕಾಟ, ಕಸದ ಗಾಡಿ ಎಲ್ಲ ಬರೆದಿದ್ದೆವು. ಒಂದಕ್ಕೂ ಉತ್ತರವಿಲ್ಲ. ಇನ್ನೇನು ಮಾಡಬೇಕು?
— ಓದುಗರೊಬ್ಬರು, ಹಾಸನ ಜಿಲ್ಲೆ

ಮೊದಲು ಒಂದು ಪ್ರಶ್ನೆ. ಆ ಮೂರು ಅರ್ಜಿಗಳ ಇನ್‌ವರ್ಡ್ ನಂಬರ್ ನಿಮ್ಮ ಹತ್ತಿರ ಇದೆಯಾ? ಪತ್ರದಲ್ಲಿ ಬರೆದಿಲ್ಲ, ಅಂದರೆ ಇಲ್ಲ ಅಂದುಕೊಳ್ಳುತ್ತೇನೆ. ಯಾರದೋ ಕೈಯಲ್ಲಿ ಕೊಟ್ಟು ಬಂದಿರುತ್ತೀರಿ. ಅರ್ಜಿಯ ಎರಡು ಪ್ರತಿ ಒಯ್ಯಿರಿ. ಟಪಾಲು ವಿಭಾಗದಲ್ಲೇ ಕೊಡಿ. ಎರಡನೇ ಪ್ರತಿಯ ಮೇಲೆ ಮುದ್ರೆ, ದಿನಾಂಕ, ನಂಬರ್ ಹಾಕಿಸಿಕೊಳ್ಳಿ. ‘ಸಾಹೇಬರಿಗೆ ನೇರ ಕೊಟ್ಟುಬಿಡಿ’ ಅಂತ ಯಾರಾದರೂ ಅಂದರೆ, ‘ಕೊಡ್ತೀನಿ, ಮೊದಲು ನಂಬರ್ ಹಾಕಿಕೊಡಿ’ ಅನ್ನಿ. ನಂಬರ್ ಬಿದ್ದ ಕಾಗದ ಎಲ್ಲಿಗೆ ಹೋಯಿತು ಅಂತ ಯಾವಾಗ ಬೇಕಾದರೂ ಕೇಳಬಹುದು. ನಂಬರ್ ಇಲ್ಲದ ಕಾಗದ ಬಂದೇ ಇಲ್ಲ ಅಂದುಬಿಡಬಹುದು.

ಎರಡನೆಯದು, ಇದು ಹೊರಗಿನವರಿಗೆ ಗೊತ್ತಾಗದ ಸಂಗತಿ. ನೀವು ಒಂದೇ ಅರ್ಜಿಯಲ್ಲಿ ನಾಲ್ಕು ವಿಷಯ ಬರೆದಿದ್ದೀರಿ. ಅರ್ಜಿ ನಗರಸಭೆಯ ಮುಖ್ಯ ಅಧಿಕಾರಿಯಾದ ಪೌರಾಯುಕ್ತರ ಮೇಜಿಗೆ ಹೋಗುತ್ತದೆ. ಅವರು ಮೂಲೆಯಲ್ಲಿ ಯಾರಿಗೆ ಅಂತ ಗುರುತು ಹಾಕುತ್ತಾರೆ. ಚರಂಡಿ ಹೂಳು ತೆಗೆಯೋದು ಆರೋಗ್ಯ ಶಾಖೆಯ ಕೆಲಸ. ಚರಂಡಿ ಒಡೆದಿದ್ದರೆ, ಎತ್ತರ ತಗ್ಗು ಸರಿಯಿಲ್ಲದಿದ್ದರೆ ಅದು ಇಂಜಿನಿಯರಿಂಗ್ ಶಾಖೆ. ಬೀದಿದೀಪ ನೋಡಿಕೊಳ್ಳುವವರು ಬೇರೆ. ನಾಯಿ ಮತ್ತೆ ಆರೋಗ್ಯ ಶಾಖೆಗೆ. ನಾಲ್ಕು ವಿಷಯದ ಒಂದು ಅರ್ಜಿ ಒಂದು ಶಾಖೆಗೆ ಮಾತ್ರ ಹೋಗುತ್ತದೆ. ಅಲ್ಲಿನ ವಿಷಯ ನಿರ್ವಾಹಕರು ತಮಗೆ ಸೇರಿದ್ದನ್ನು ನೋಡಿ, ‘ಉಳಿದದ್ದು ನಮ್ಮದಲ್ಲ’ ಅಂತ ಕಡತಕ್ಕೆ ಸೇರಿಸುತ್ತಾರೆ. ಉಳಿದ ಮೂರು ಅಲ್ಲಿಗೇ ಮುಗಿಯಿತು. ಇದನ್ನು ನಾನು ನೂರಾರು ಸಲ ಕಂಡಿದ್ದೇನೆ. ಆದ್ದರಿಂದ ಒಂದು ಅರ್ಜಿಗೆ ಒಂದೇ ವಿಷಯ. ನಾಲ್ಕು ತೊಂದರೆ ಇದ್ದರೆ ನಾಲ್ಕು ಹಾಳೆ.

ನಾನು ಟಪಾಲಿನಲ್ಲಿದ್ದಾಗ ನಿವೃತ್ತ ಮೇಷ್ಟ್ರೊಬ್ಬರು ಬರುತ್ತಿದ್ದರು. ಅವರ ಅರ್ಜಿ ನಾಲ್ಕೇ ಸಾಲು. ‘ಇಂಥ ರಸ್ತೆ, ಇಂಥ ನಂಬರಿನ ಕಂಬ, ಇಂಥ ದಿನದಿಂದ ದೀಪ ಉರಿಯುತ್ತಿಲ್ಲ.’ ಕಂಬದ ಮೇಲೆ ಬರೆದಿರುವ ನಂಬರನ್ನು ಹೋಗಿ ನೋಡಿಕೊಂಡು ಬಂದಿರುತ್ತಿದ್ದರು. ಆ ಅರ್ಜಿ ಒಳಗೆ ಹೋದರೆ ಯಾರೂ ಯಾವ ಕಂಬ ಅಂತ ಹುಡುಕಬೇಕಿರಲಿಲ್ಲ. ಲೈನ್‌ಮ್ಯಾನ್ ಕೈಗೆ ಹಾಳೆಯನ್ನೇ ಕೊಟ್ಟು ಕಳಿಸುತ್ತಿದ್ದರು. ಅದೇ ವಾರ ಬಂದ ಎರಡು ಪುಟದ ಅರ್ಜಿಗಳು, ‘ನಮ್ಮ ಬಡಾವಣೆಯನ್ನು ಕಡೆಗಣಿಸಲಾಗಿದೆ’ ಅನ್ನುವಂಥವು, ತಿಂಗಳುಗಟ್ಟಲೆ ಹಾಗೇ ಇರುತ್ತಿದ್ದವು. ಬರೆದವರ ಸಿಟ್ಟು ನ್ಯಾಯವಾದದ್ದೇ. ಆದರೆ ಒಳಗಿದ್ದವರಿಗೆ ನಾಳೆ ಬೆಳಿಗ್ಗೆ ಯಾರನ್ನು ಎಲ್ಲಿಗೆ ಕಳಿಸಬೇಕು ಅನ್ನೋದು ಅದರಲ್ಲಿ ಇರುತ್ತಿರಲಿಲ್ಲ.

ಇನ್ನು ನಿಮ್ಮ ಚರಂಡಿಯ ವಿಷಯ. ಹೂಳು ತುಂಬಿ ಉಕ್ಕುತ್ತಿದೆಯೋ, ಚರಂಡಿಯೇ ಚಿಕ್ಕದಾಗಿದೆಯೋ? ಮಳೆ ನಿಂತ ಮೇಲೆ ಹೋಗಿ ನೋಡಿ. ಹೂಳಾದರೆ ಅದು ದಿನನಿತ್ಯದ ಕೆಲಸ, ಯಾರ ಮಂಜೂರಾತಿಯೂ ಬೇಡ. ಆರೋಗ್ಯ ನಿರೀಕ್ಷಕರನ್ನು ಕಂಡು ಮಾತಾಡಿ, ವಾರದಲ್ಲಿ ಆಗಬೇಕು. ಹೊಸ ಚರಂಡಿಯೇ ಬೇಕು ಅಂದರೆ ದಾರಿ ಬೇರೆ. ಅದು ಕ್ರಿಯಾ ಯೋಜನೆಯಲ್ಲಿ, ಅಂದರೆ ಆ ವರ್ಷ ಮಾಡುವ ಕೆಲಸಗಳ ಪಟ್ಟಿಯಲ್ಲಿ ಸೇರಬೇಕು. ಜೂನಿಯರ್ ಇಂಜಿನಿಯರ್ ಅಂದಾಜು ಪಟ್ಟಿ ಮಾಡಬೇಕು. ಮಂಜೂರಾತಿ, ಟೆಂಡರ್, ಆಮೇಲೆ ಕೆಲಸ. ಮಳೆಗಾಲದಲ್ಲಿ ನೀರು ನುಗ್ಗಿದಾಗ ಹೊಸ ಚರಂಡಿ ಕೇಳಿದರೆ ಆ ವರ್ಷದ ಹಣ ಆಗಲೇ ಹಂಚಿಹೋಗಿರುತ್ತದೆ. ‘ಅನುದಾನ ಇಲ್ಲ’ ಅನ್ನೋ ಉತ್ತರ ಬರೋದು ಅದಕ್ಕೇ. ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರುವಾಗುತ್ತದೆ. ಅದರ ಆಯವ್ಯಯದ ತಯಾರಿ ಚಳಿಗಾಲದಲ್ಲೇ ನಡೆಯುತ್ತದೆ. ಆಯವ್ಯಯ ಪೂರ್ವಭಾವಿ ಸಭೆ ಅಂತ ಸಾರ್ವಜನಿಕರನ್ನು ಕರೆಯುತ್ತಾರೆ. ಪತ್ರಿಕೆಯಲ್ಲಿ ಸಣ್ಣ ಪ್ರಕಟಣೆ ಬರುತ್ತದೆ, ಕಚೇರಿಯ ಸೂಚನಾ ಫಲಕದಲ್ಲೂ ಹಾಕುತ್ತಾರೆ. ನನ್ನ ಅನುಭವದಲ್ಲಿ ಆ ಸಭೆಗೆ ಬರುವವರು ಇಪ್ಪತ್ತು ಜನವೂ ಇರುವುದಿಲ್ಲ. ನಿಮ್ಮ ಬೀದಿಯಿಂದ ಹತ್ತು ಜನ ಹೋಗಿ. ಮಳೆಗಾಲದಲ್ಲಿ ತೆಗೆದ ಫೋಟೊಗಳನ್ನು ತೋರಿಸಿ. ಹೇಳಿದ್ದನ್ನು ಸಭೆಯ ನಡಾವಳಿಯಲ್ಲಿ ಬರೆಸಿ.

ಸದಸ್ಯರ ಮೇಲೂ ಸಿಟ್ಟಾಗಿದ್ದೀರಿ. ಅವರೊಬ್ಬರೇ ಹಣ ಮಂಜೂರು ಮಾಡಲು ಆಗುವುದಿಲ್ಲ. ಸಭೆಯಲ್ಲಿ ಅವರದ್ದು ಒಂದು ಮತ. ಆದರೆ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ವಿಷಯ ಸೇರಿಸಲು ಅವರು ಕೇಳಬಹುದು. ಅದಕ್ಕೇ ‘ಮಾಡಿಸಿ’ ಅನ್ನಬೇಡಿ. ‘ಮುಂದಿನ ಸಭೆಗೆ ಈ ವಿಷಯ ಸೇರಿಸಿ, ಠರಾವಿನ ನಂಬರ್ ನಮಗೆ ಹೇಳಿ’ ಅನ್ನಿ. ನಿಮ್ಮಲ್ಲಿ ಸದಸ್ಯರ ಅವಧಿ ಮುಗಿದಿದ್ದರೆ ಆಡಳಿತಾಧಿಕಾರಿ ಇರುತ್ತಾರೆ. ಸಾಮಾನ್ಯವಾಗಿ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ. ಆಗ ಅರ್ಜಿಯ ಒಂದು ಪ್ರತಿ ಅವರಿಗೂ ಹೋಗಲಿ.

ಒಂದು ತಿಂಗಳು ಕಳೆದರೂ ಉತ್ತರ ಬರದಿದ್ದರೆ ಹಿಂಬರಹ, ಅಂದರೆ ಸಹಿ ಹಾಕಿದ ಲಿಖಿತ ಉತ್ತರ, ಕೊಡಿ ಅಂತ ಬರವಣಿಗೆಯಲ್ಲೇ ಕೇಳಿ. ‘ಆಗುವುದಿಲ್ಲ’ ಅನ್ನುವುದಾದರೂ ಸಹಿ ಹಾಕಿ ಕೊಡಲಿ. ಬಾಯಲ್ಲಿ ಇಲ್ಲ ಅನ್ನುವುದು ಸುಲಭ. ಸಹಿ ಹಾಕಿ ಇಲ್ಲ ಅನ್ನಬೇಕಾದರೆ ಕಾರಣ ಬರೆಯಬೇಕಾಗುತ್ತದೆ.

ನಗರಸಭೆಯ ಸಾಮಾನ್ಯ ಸಭೆಯನ್ನು ನಾವು ಒಳಗೆ ಕುಳಿತು ನೋಡಬಹುದಾ? ಬಾಗಿಲಲ್ಲಿ ಒಬ್ಬರು ತಡೆದರು.
— ಓದುಗರೊಬ್ಬರು, ತುಮಕೂರು ಜಿಲ್ಲೆ

ನೋಡಬಹುದು. ಸಭೆಯೇ ಯಾವುದಾದರೂ ಕಾರಣಕ್ಕೆ ಬೇಡ ಅಂತ ತೀರ್ಮಾನಿಸದಿದ್ದರೆ ಅದು ಸಾರ್ವಜನಿಕರಿಗೆ ತೆರೆದದ್ದು. ಆದರೆ ಕುಳಿತು ಕೇಳಬಹುದು ಅಷ್ಟೇ, ಮಾತಾಡುವ ಹಕ್ಕು ಸದಸ್ಯರದ್ದು. ಹಿಂದಿನ ದಿನವೇ ಪೌರಾಯುಕ್ತರ ಕಚೇರಿಗೆ ಹೋಗಿ ‘ನಾಳೆ ನಾವು ಮೂರು ಜನ ಬರ್ತೀವಿ’ ಅಂತ ಒಂದು ಹಾಳೆ ಕೊಟ್ಟು ಬನ್ನಿ. ಬಾಗಿಲಲ್ಲಿ ಅದರ ಪ್ರತಿ ತೋರಿಸಿ. ನಮ್ಮಲ್ಲಿ ಒಂದು ಮಹಿಳಾ ಸ್ವಸಹಾಯ ಸಂಘದವರು ಹೀಗೆ ಸತತ ನಾಲ್ಕು ಸಭೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಒಂದು ಮಾತೂ ಆಡಲಿಲ್ಲ. ಅವರು ಕೇಳಿದ್ದು ಸಂತೆ ಮೈದಾನದ ಹತ್ತಿರ ಶೌಚಾಲಯ. ಐದನೇ ಸಭೆಯಲ್ಲಿ ಅದು ತಾನಾಗಿಯೇ ಚರ್ಚೆಗೆ ಬಂತು.

ಮಾಹಿತಿ ಹಕ್ಕಿನಲ್ಲಿ ನಮ್ಮ ರಸ್ತೆಯ ಬಗ್ಗೆ ಹನ್ನೊಂದು ಪ್ರಶ್ನೆ ಕೇಳಿದ್ದೆ. ‘ಒಂದೇ ವಿಷಯ ಇರಬೇಕು’ ಅಂತ ಒಂದಕ್ಕೆ ಮಾತ್ರ ಉತ್ತರ ಕೊಟ್ಟರು. ನನಗೆ 71 ವರ್ಷ. ಹೀಗೆ ಸತಾಯಿಸುವುದು ಸರಿಯೇ?
— ಓದುಗರೊಬ್ಬರು, ಶಿವಮೊಗ್ಗ

ನಿಮ್ಮ ಬೇಸರ ಅರ್ಥವಾಗುತ್ತದೆ ಸರ್. ಆದರೆ ಈ ವಿಷಯದಲ್ಲಿ ಅವರು ನಿಯಮ ಹೇಳಿದ್ದಾರೆ. 2005ರ ಮಾಹಿತಿ ಹಕ್ಕು ಕಾಯ್ದೆ ಇಡೀ ದೇಶಕ್ಕೆ ಒಂದೇ. ಆದರೆ ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದದೊಳಗೆ ಇರಬೇಕು. ಜಾಸ್ತಿ ವಿಷಯ ಇದ್ದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟು ಉಳಿದದ್ದಕ್ಕೆ ಬೇರೆ ಅರ್ಜಿ ಹಾಕಿ ಅನ್ನಬಹುದು. ಈ ನಿಯಮ ನನಗೆ ಇಷ್ಟವಿಲ್ಲ. ವಯಸ್ಸಾದವರಿಗೆ, ಓದು ಕಡಿಮೆ ಇದ್ದವರಿಗೆ ಇದು ಅಡ್ಡಿಯೇ. ಇರುವಷ್ಟು ದಿನ ಅದರೊಳಗೇ ಬರೆಯಬೇಕು.

ನೀವು ‘ರಸ್ತೆ ಯಾಕೆ ಇಷ್ಟು ಬೇಗ ಕಿತ್ತುಹೋಯಿತು?’ ಅಂತ ಕೇಳಿದ್ದೀರಿ. ‘ಯಾಕೆ’ ಅಂದರೆ ಅಧಿಕಾರಿ ಉತ್ತರ ಕೊಡಬೇಕಿಲ್ಲ. ಅವರ ಕಡತದಲ್ಲಿ ಇರುವ ಕಾಗದ ಕೇಳಬೇಕು. ‘ಇಂಥ ರಸ್ತೆಯ ಡಾಂಬರು ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಬಿಲ್ಲು, ಇವುಗಳ ದೃಢೀಕೃತ ನಕಲು ಕೊಡಿ.’ ಇಷ್ಟೇ ಬರೆಯಿರಿ. ಇದು ಒಂದೇ ಕಾಮಗಾರಿ, ಒಂದೇ ವಿಷಯ. ನಿಮ್ಮ ಹನ್ನೊಂದು ಪ್ರಶ್ನೆಯಲ್ಲಿ ಎಂಟಕ್ಕೆ ಉತ್ತರ ಆ ಕಾಗದಗಳಲ್ಲೇ ಸಿಗುತ್ತದೆ. ಅಂದಾಜಿನಲ್ಲಿ ಡಾಂಬರಿನ ದಪ್ಪ ಎಷ್ಟು ಬರೆದಿದೆ, ಅಳತೆ ಪುಸ್ತಕದಲ್ಲಿ ಎಷ್ಟು ಬರೆದಿದೆ, ನೀವೇ ರಸ್ತೆ ಅಂಚಿನಲ್ಲಿ ಸ್ಕೇಲ್ ಇಟ್ಟರೆ ಎಷ್ಟಿದೆ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ರಸ್ತೆಗೆ ಗುತ್ತಿಗೆದಾರರ ನಿರ್ವಹಣಾ ಅವಧಿ ಅಂತಲೂ ಇರುತ್ತದೆ. ಕಾರ್ಯಾದೇಶ ಅಥವಾ ಒಪ್ಪಂದದಲ್ಲಿ ಅದನ್ನು ಹುಡುಕಿ. ಅವಧಿ ಮುಗಿದಿಲ್ಲ ಅಂದರೆ ಗುಂಡಿ ಮುಚ್ಚುವುದು ಅವರ ಹೊಣೆ.

ಅರ್ಜಿ ಶುಲ್ಕ 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ, ಬಂದದ್ದು ಸರಿಯಿಲ್ಲದಿದ್ದರೆ, ಅಲ್ಲಿಂದ 30 ದಿನದೊಳಗೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ ಸರ್. ಮೇಲ್ಮನವಿಗಳು ಹೆಚ್ಚಾಗಿ ಸೋಲುವುದು ದಿನ ತಪ್ಪಿದ್ದಕ್ಕೆ.

ಅಮ್ಮಾ, ನಾವು ಬೆಂಗಳೂರಿನಲ್ಲಿದ್ದೇವೆ. ಕಾರ್ಪೊರೇಟರ್ ಯಾರು ಅಂತ ಕೇಳಿದರೆ ‘ಈಗ ಯಾರೂ ಇಲ್ಲ’ ಅಂತಾರೆ. ಪಾಲಿಕೆಯೇ ಬದಲಾಗಿದೆ ಅಂತಾರೆ. ನಮ್ಮ ತೊಂದರೆ ಯಾರ ಹತ್ತಿರ ಹೇಳೋದು?
— ಓದುಗರೊಬ್ಬರು, ಬೆಂಗಳೂರು

ನನ್ನ ಮಗಳೂ ಅಲ್ಲೇ ಇರೋದು. ಇದೇ ಪ್ರಶ್ನೆ ಅವಳೂ ಕೇಳಿದ್ದಳು. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ, 198 ವಾರ್ಡ್‌ಗಳಿಗೆ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ಐದು ವರ್ಷಕ್ಕೂ ಜಾಸ್ತಿ ಕಾಲ ಅಷ್ಟು ದೊಡ್ಡ ನಗರಕ್ಕೆ ಚುನಾಯಿತ ಸದಸ್ಯರೇ ಇರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ನೋವಾಗುತ್ತದೆ. ನಗರಸಭೆ, ಪುರಸಭೆಗಳಿಗೆ ಸಂಬಂಧಿಸಿದ ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್‌ನಲ್ಲಿ ಜಾರಿಗೆ ಬಂದಾಗ ನಾನು ಕೆಲಸಕ್ಕೆ ಹೊಸಬಳು. ಐದು ವರ್ಷಕ್ಕೊಮ್ಮೆ ತಪ್ಪದೆ ಚುನಾವಣೆ ಅಂತ ಅದರಲ್ಲಿ ಬರೆದದ್ದನ್ನು ನಮ್ಮ ಮುಖ್ಯಾಧಿಕಾರಿಗಳು ಜೋರಾಗಿ ಓದಿ ಹೇಳಿದ್ದರು.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ನಗರ ಪಾಲಿಕೆಗಳು ಬಂದವು. ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ನಿಮ್ಮ ಮನೆ ಯಾವುದಕ್ಕೆ ಸೇರಿದೆ, ವಾರ್ಡ್ ಯಾವುದು ಅನ್ನೋದನ್ನು ಮೊದಲು ಖಚಿತ ಮಾಡಿಕೊಳ್ಳಿ. ಹಳೆಯ ವಾರ್ಡ್ ನಂಬರ್ ಹಾಕಿ ಬರೆದರೆ ಅರ್ಜಿ ಸುಮ್ನೆ ಸುತ್ತುತ್ತದೆ.

ಸದಸ್ಯರು ಇರಲಿ, ಇಲ್ಲದಿರಲಿ, ಇಂಜಿನಿಯರ್ ಇರುತ್ತಾರೆ. ನಿಮ್ಮ ವಾರ್ಡಿನ ಸಹಾಯಕ ಇಂಜಿನಿಯರ್, ಅವರ ಮೇಲಿನ ಸಹಾಯಕ ಕಾರ್ಯಪಾಲಕ ಇಂಜಿನಿಯರ್ (ಎಇಇ), ಈ ಇಬ್ಬರ ಹೆಸರು ಗೊತ್ತಿರಲಿ. ರಸ್ತೆ, ಚರಂಡಿ, ಕಾಲುದಾರಿ ಎಲ್ಲ ಅವರದೇ. ಆದರೆ ಕುಡಿಯುವ ನೀರು ಮತ್ತು ಒಳಚರಂಡಿ ಪಾಲಿಕೆಯದ್ದಲ್ಲ, ಜಲಮಂಡಳಿಯದ್ದು. ಕರೆಂಟು ಬೆಸ್ಕಾಂನದ್ದು. ಮ್ಯಾನ್‌ಹೋಲ್ ಉಕ್ಕಿದ್ದಕ್ಕೆ ಪಾಲಿಕೆಗೆ ಬರೆದು ಎರಡು ತಿಂಗಳು ಕಾದವರ ಪತ್ರ ನನ್ನ ಹತ್ತಿರ ಇದೆ.

ವಾರ್ಡ್ ಸಮಿತಿಯನ್ನೂ ಬಿಡಬೇಡಿ. ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ನಗರಗಳಲ್ಲಿ ಇವು ಇರಲೇಬೇಕು ಅಂತ ಸಂವಿಧಾನವೇ ಹೇಳುತ್ತದೆ. ಬೆಂಗಳೂರಿನಲ್ಲಿ ಹಿಂದೆ ತಿಂಗಳ ಮೊದಲ ಶನಿವಾರ ಸಭೆ ಸೇರುವ ರೂಢಿ ಆಗಿತ್ತು. ನಿಮ್ಮ ವಾರ್ಡಿನಲ್ಲಿ ಸಮಿತಿ ಇದೆಯಾ, ಯಾವತ್ತು ಸೇರುತ್ತದೆ ಅಂತ ವಾರ್ಡ್ ಕಚೇರಿಯಲ್ಲಿ ಕೇಳಿ. ಇಲ್ಲ ಅಂದರೆ, ಯಾಕಿಲ್ಲ ಅಂತ ಬರವಣಿಗೆಯಲ್ಲಿ ಕೇಳಿ.

ಖಾತಾ ನಕಲಿಗೆ ಅರ್ಜಿ ಹಾಕಿ ಎರಡು ತಿಂಗಳಾಯಿತು. ‘ನಾಳೆ ಬನ್ನಿ’ ಅಂತಾರೆ.
— ಓದುಗರೊಬ್ಬರು, ಬಾಗಲಕೋಟೆ ಜಿಲ್ಲೆ

ಅರ್ಜಿ ಕೊಟ್ಟಾಗ 15 ಅಂಕಿಯ ಸಕಾಲ ನಂಬರ್ ಕೊಟ್ಟಿರಬೇಕು. ಕೊಟ್ಟಿಲ್ಲ ಅಂದರೆ ಇವತ್ತೇ ಹೋಗಿ ಕೇಳಿ ಪಡೆಯಿರಿ. ಸರ್ಕಾರಿ ಸೇವೆಯನ್ನು ಗೊತ್ತಾದ ದಿನದೊಳಗೆ ಕೊಡಲೇಬೇಕು ಅನ್ನುವ ಸಕಾಲ ಕಾಯ್ದೆ 2012ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಗೊತ್ತುಪಡಿಸಿದ ದಿನದೊಳಗೆ ಕೆಲಸ ಆಗದಿದ್ದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಕೇಳಬಹುದು. ಹಣ ಚಿಕ್ಕದು. ಆದರೆ ಅದು ಆ ನೌಕರರ ಸಂಬಳದಿಂದ ಹೋಗುವಂಥದ್ದು. ಸಕಾಲ ಮೇಲ್ಮನವಿ ಅಂದ ಕೂಡಲೇ ಕಡತ ಹುಡುಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅಕ್ಕಾ, ಪಂಚಾಯಿತಿ ಚುನಾವಣೆಗೆ ನಿಲ್ಲು ಅಂತ ಊರವರು ಹೇಳುತ್ತಿದ್ದಾರೆ. ಮಹಿಳಾ ಮೀಸಲು ಬರಬಹುದಂತೆ. ‘ಗೆದ್ದರೆ ನೀನು ಸಹಿ ಹಾಕು ಸಾಕು, ಸಭೆಗೆ ಅಣ್ಣ ಹೋಗ್ತಾನೆ’ ಅಂತ ಮನೆಯವರು ಅಂತಾರೆ. ನಾನು ಹತ್ತನೇ ತರಗತಿ ಓದಿದ್ದೇನೆ. ನನಗೆ ಆಗುತ್ತಾ?
— ಓದುಗರೊಬ್ಬರು, ಚಿತ್ರದುರ್ಗ ಜಿಲ್ಲೆ

ಆಗುತ್ತೆ ತಂಗಿ. ಖಂಡಿತ ಆಗುತ್ತೆ.

ನಿನಗೆ ಒಂದು ಹಳೆಯ ಸಂಗತಿ ಹೇಳುತ್ತೇನೆ. ಇಡೀ ದೇಶಕ್ಕೆ ಮಹಿಳಾ ಮೀಸಲು ಬರುವ ಮೊದಲೇ ನಮ್ಮ ರಾಜ್ಯ 1983ರ ಕಾಯ್ದೆಯಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಇಟ್ಟಿತು. 1987ರಲ್ಲಿ ಚುನಾವಣೆ ಆಯಿತು. ಅದರ ಹಿಂದೆ ಇದ್ದವರು ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊಟ್ಟಿದ್ದಕ್ಕೆ ಜನ ಅವರನ್ನು ‘ನೀರ್ ಸಾಬ್’ ಅಂತಲೇ ಕರೆಯುತ್ತಿದ್ದರು. ಈಗ ಆ ಸ್ಥಾನ ಅರ್ಧಕ್ಕೆ ಏರಿದೆ. ಇದನ್ನು ಅಣ್ಣನ ಕೈಗೆ ಕೊಡಲು ಮಾಡಿದ್ದಲ್ಲ ಅಲ್ವಾ?

ಸಭೆಯಲ್ಲಿ ಸದಸ್ಯೆಯ ಬದಲು ಬೇರೆಯವರು ಕೂರುವಂತಿಲ್ಲ. ಗಂಡನೂ ಇಲ್ಲ, ಅಣ್ಣನೂ ಇಲ್ಲ. ಮನೆಯವರಿಗೆ ಜಗಳವಾಗದ ಹಾಗೆ ಹೇಳು. ‘ಅಣ್ಣ ಬೈಕಿನಲ್ಲಿ ಕರೆದುಕೊಂಡು ಬರಲಿ, ಒಳಗೆ ನಾನು ಕೂರ್ತೀನಿ.’ ಮೊದಲ ಎರಡು ಸಭೆ ಕಷ್ಟ. ನಡುಗುತ್ತದೆ. ಓದದೆ ಒಂದು ಸಹಿಯನ್ನೂ ಹಾಕಬೇಡ. ‘ನಾಳೆ ಓದಿ ಹಾಕ್ತೀನಿ’ ಅನ್ನೋ ಒಂದು ಮಾತು ಕಲಿತುಕೊ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಹಿಂದಿನ ಸಭೆಯ ನಡಾವಳಿ ಪುಸ್ತಕ ಕೇಳಿ ಓದು.

ಚುನಾವಣೆಗೂ ಮೊದಲು ಒಂದು ಕೆಲಸ ಮಾಡು. ಮುಂದಿನ ಗ್ರಾಮಸಭೆಗೆ ಹೋಗು. ಆರು ತಿಂಗಳಿಗೆ ಒಮ್ಮೆಯಾದರೂ ಅದು ನಡೆಯಲೇಬೇಕು. ಅದಕ್ಕೂ ಮುಂಚೆ ವಾರ್ಡ್ ಸಭೆ ಇರುತ್ತದೆ. ಜಮಾಬಂದಿಗೂ ಹೋಗು, ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ಮಾಡುತ್ತಾರೆ. ಹಿಂದಿನ ವರ್ಷ ಎಷ್ಟು ಹಣ ಬಂತು, ಎಲ್ಲಿ ಖರ್ಚಾಯಿತು ಅಂತ ಲೆಕ್ಕ ಓದಿ ಹೇಳಬೇಕು, ಕೆಲಸ ಆದ ಜಾಗಕ್ಕೆ ಹೋಗಿ ತೋರಿಸಬೇಕು. ಮನೆಯ ಲೆಕ್ಕ ನೋಡುವವಳಿಗೆ ಅದು ಕಷ್ಟವಲ್ಲ. ಒಂದು ನೋಟ್‌ಬುಕ್ ಒಯ್ಯಿ. ನಿಮ್ಮ ಬೀದಿಯ ಹೆಸರು ಬಂದಾಗಲೆಲ್ಲ ಬರೆದುಕೊ.

ಆಂಟಿ, ನಾನು ಒಂಬತ್ತನೇ ತರಗತಿ. ಶಾಲೆಯಿಂದ ಸಂಜೆ ಮನೆಗೆ ಬರುವ ದಾರಿಯಲ್ಲಿ ಕೆರೆ ಏರಿ ಮೇಲೆ ದೀಪ ಇಲ್ಲ. ನನ್ನ ಗೆಳತಿಯರಿಗೂ ಭಯ ಆಗುತ್ತೆ. ನಮಗೆ ವೋಟ್ ಇಲ್ಲ. ನಾವು ಬರೆದರೆ ಓದ್ತಾರಾ?
— ಓದುಗಳೊಬ್ಬಳು, ಮಂಡ್ಯ ಜಿಲ್ಲೆ

ಓದ್ತಾರೆ ಪುಟ್ಟಾ. ಅರ್ಜಿ ಕೊಡಲು ವೋಟ್ ಇರಬೇಕಿಲ್ಲ. ನಿಮ್ಮೂರು ಗ್ರಾಮ ಪಂಚಾಯಿತಿಗೆ ಸೇರಿದ್ದರೆ ನಿಮಗೇ ಅಂತ ಮಕ್ಕಳ ಗ್ರಾಮಸಭೆ ಇದೆ. ವರ್ಷಕ್ಕೊಮ್ಮೆ ಪಂಚಾಯಿತಿಯವರು ಮಕ್ಕಳ ಮುಂದೆ ಕುಳಿತು ಅವರ ಮಾತು ಕೇಳಬೇಕು. ಯಾವಾಗ ಅಂತ ನಿಮ್ಮ ಟೀಚರ್ ಹತ್ತಿರ ಕೇಳು.

ಆದರೆ ಅಲ್ಲಿವರೆಗೆ ಕಾಯಬೇಡ. ಈ ಶನಿವಾರ ಹಗಲಿನಲ್ಲಿ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಏರಿ ಮೇಲೆ ನಡೆದು ನೋಡು. ಕಂಬಗಳು ಎಷ್ಟಿವೆ, ಅವುಗಳ ನಂಬರ್ ಏನು, ಯಾವುದರಲ್ಲಿ ಬಲ್ಬ್ ಇಲ್ಲ, ಕಂಬವೇ ಇಲ್ಲದ ಜಾಗ ಎಷ್ಟು ಹೆಜ್ಜೆ ಅಂತ ಎಣಿಸಿ ಬರೆ. ಆ ದಾರಿಯಲ್ಲಿ ಬರುವ ಮಕ್ಕಳೆಲ್ಲ ತರಗತಿ ಬರೆದು ಸಹಿ ಹಾಕಿ. ಎರಡು ಪ್ರತಿ ಮಾಡಿ ಪಂಚಾಯಿತಿ ಕಚೇರಿಯಲ್ಲಿ ಕೊಡಿ. ಒಂದರ ಮೇಲೆ ಮುದ್ರೆ ಹಾಕಿಸಿಕೊಳ್ಳಿ. ನಾಚಿಕೊಳ್ಳಬೇಡ. ಅಲ್ಲಿ ನನ್ನ ಹಾಗೆ ಯಾರಾದರೂ ಕುಳಿತಿರುತ್ತಾರೆ.

ಮುದ್ರೆ ಬಿದ್ದ ಪ್ರತಿಯ ಫೋಟೊ ತೆಗೆದು ಪತ್ರಿಕೆಯ ವಿಳಾಸಕ್ಕೆ ಕಳಿಸು. ತಿಂಗಳಾದ ಮೇಲೆ ನಾವಿಬ್ಬರೂ ಸೇರಿ ಎರಡನೇ ಪತ್ರ ಬರೆಯೋಣ.